ದಾನಿಯ ಮನೆಯವರಿಂದ ರೋಗಿಯ ಹಾಸಿಗೆಯವರೆಗೆ: ಅಂಗಾಂಗ ಕಸಿ ಸಂಯೋಜಕರ ಕೆಲಸ

ದಾನಿಯ ಮನೆಯವರು, ಐಸಿಯು ವೈದ್ಯರು, ಪೊಲೀಸರು, ರಾಜ್ಯದ ಕಸಿ ಸಂಸ್ಥೆ, ಶಸ್ತ್ರಚಿಕಿತ್ಸಕರ ಮೂರು ನಾಲ್ಕು ತಂಡಗಳು, ಅಂಗಕ್ಕಾಗಿ ಕಾದು ಕುಳಿತ ರೋಗಿಗಳು. ಅಂಗಾಂಗ ದಾನವೊಂದು ನಡೆಯಬೇಕಾದರೆ ಇಷ್ಟೂ ಮಂದಿ ಒಂದೆರಡು ದಿನಗಳೊಳಗೆ ಒಂದೇ ಕೆಲಸಕ್ಕೆ ಕೂಡಬೇಕು. ಹೀಗೆ ಎಲ್ಲರನ್ನೂ ಕೂಡಿಸುವವರು ಕಸಿ ಸಂಯೋಜಕರು. ಆಸ್ಪತ್ರೆಯವರ ಬಾಯಲ್ಲಿ ಇವರು ಬರಿಯ ‘ಕೋಆರ್ಡಿನೇಟರ್’. ಇವರಲ್ಲಿ ಅನೇಕರು ಐಸಿಯು, ಡಯಾಲಿಸಿಸ್ ವಿಭಾಗಗಳಲ್ಲಿ ದುಡಿದು ಬಂದ ನರ್ಸ್‌ಗಳು. ಇನ್ನು ಕೆಲವರು ಸಮಾಜಕಾರ್ಯ ಓದಿದವರು.

ಅಂಗಾಂಗ ದಾನ ಸುದ್ದಿಯಾದಾಗ ಪತ್ರಿಕೆಗಳಲ್ಲಿ ಕಾಣುವುದು ಝೀರೊ ಟ್ರಾಫಿಕ್‌ನಲ್ಲಿ ಓಡಿದ ಆಂಬುಲೆನ್ಸ್, ರಾತ್ರಿಯಿಡೀ ನಡೆದ ಶಸ್ತ್ರಚಿಕಿತ್ಸೆ. ಅದಕ್ಕೂ ಬಹಳ ಮೊದಲೇ, ಐಸಿಯು ಪಕ್ಕದ ಸಣ್ಣ ಕೋಣೆಯಲ್ಲಿ ನಡೆಯುವ ಮಾತುಕತೆಯಲ್ಲಿ ದಾನ ಆಗುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗಿರುತ್ತದೆ. ಆ ಮಾತುಕತೆಗೆ ತರಬೇತಾದವರು ಇದ್ದಾರೆಯೇ ಎಂಬುದರ ಮೇಲೆ ಒಂದು ದೇಶದ ಇಡೀ ಕಸಿ ವ್ಯವಸ್ಥೆ ನಿಂತಿದೆ.

ಹುದ್ದೆ ಬೆಳೆದ ಬಗೆ

ಮನುಷ್ಯರಲ್ಲಿ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1954ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನಡೆಯಿತು. ಮೂತ್ರಪಿಂಡ ಕೊಟ್ಟವರೂ ಪಡೆದವರೂ ಅವಳಿ ಸಹೋದರರು. ಕೊಡುವವರೂ ಪಡೆಯುವವರೂ ಒಂದೇ ಮನೆಯವರಾಗಿದ್ದಷ್ಟು ಕಾಲ ಸಂಯೋಜನೆಗೆ ಪ್ರತ್ಯೇಕ ಜನ ಬೇಕಾಗಿರಲಿಲ್ಲ. 1967ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಅವರು ಮೊದಲ ಹೃದಯ ಕಸಿ ಮಾಡಿದರು. ಮರುವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿ ಮಿದುಳಿನ ಸಾವಿಗೆ ಮಾನದಂಡಗಳನ್ನು ಮುಂದಿಟ್ಟಿತು. ಅಲ್ಲಿಂದ ಮುಂದೆ ದಾನಿ ಒಂದು ಊರಿನ ಆಸ್ಪತ್ರೆಯಲ್ಲಿ, ರೋಗಿ ಇನ್ನೊಂದು ಊರಿನಲ್ಲಿ ಇರುವ ಸಂದರ್ಭ ಬಂತು. ನಡುವಿನ ಓಡಾಟ, ಫೋನು, ಕಾಗದಪತ್ರ, ಸಮಾಧಾನದ ಮಾತು ಎಲ್ಲವೂ ಸಹಜವಾಗಿ ನರ್ಸ್‌ಗಳ ಪಾಲಿಗೆ ಬಂದವು.

ಈ ಕೆಲಸವನ್ನು ವ್ಯವಸ್ಥೆಯಾಗಿ ಕಟ್ಟಿದ ದೇಶ ಸ್ಪೇನ್. 1989ರಲ್ಲಿ ಅಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಶುರುವಾಯಿತು. ಅದರ ಸ್ಥಾಪಕ ಮುಖ್ಯಸ್ಥರು ರಫಾಯೆಲ್ ಮಾತೇಸಾನ್ಸ್. ದಾನಿಗಳಾಗಬಹುದಾದವರು ಇರುವುದು ಐಸಿಯುಗಳಲ್ಲಿ, ಆದ್ದರಿಂದ ಸಂಯೋಜಕರೂ ಅಲ್ಲೇ ಇರಬೇಕು ಎಂಬುದು ಅವರ ನಿಲುವು. ಪ್ರತಿ ಆಸ್ಪತ್ರೆಗೂ ಸಂಯೋಜಕರನ್ನು ನೇಮಿಸಲಾಯಿತು. ಹೆಚ್ಚಿನವರು ಐಸಿಯು ವೈದ್ಯರು, ಜೊತೆಗೆ ನರ್ಸ್‌ಗಳು. ಆಗ ಹತ್ತು ಲಕ್ಷ ಜನಸಂಖ್ಯೆಗೆ ಸುಮಾರು 14 ಇದ್ದ ಮರಣೋತ್ತರ ದಾನಿಗಳ ಪ್ರಮಾಣ ಕ್ರಮೇಣ 40ನ್ನು ದಾಟಿತು.

ಬ್ರಿಟನ್ನಿನಲ್ಲಿ ಈ ಹುದ್ದೆಯ ಹೆಸರೇ ಅಂಗಾಂಗ ದಾನದ ಪರಿಣತ ನರ್ಸ್. 2008ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಕಾರ್ಯಪಡೆ, ಐದು ವರ್ಷಗಳಲ್ಲಿ ದಾನಿಗಳ ಸಂಖ್ಯೆಯನ್ನು ಶೇ 50ರಷ್ಟು ಹೆಚ್ಚಿಸುವ ಗುರಿ ಇಟ್ಟುಕೊಂಡು ವರದಿ ಕೊಟ್ಟಿತು. ಈ ನರ್ಸ್‌ಗಳನ್ನು ರಾಷ್ಟ್ರೀಯ ಸಂಸ್ಥೆಯೇ ನೇಮಿಸಿಕೊಂಡು ಆಸ್ಪತ್ರೆಗಳ ಒಳಗೆ ಇರಿಸಿತು. 2013ರ ಹೊತ್ತಿಗೆ ಗುರಿ ಮುಟ್ಟಿತು. ಮನೆಯವರೊಂದಿಗಿನ ಮಾತುಕತೆಯಲ್ಲಿ ಪರಿಣತ ನರ್ಸ್ ಇದ್ದಾಗ ಒಪ್ಪಿಗೆ ಸಿಗುವ ಪ್ರಮಾಣ, ಇಲ್ಲದಿದ್ದಾಗಿನದಕ್ಕಿಂತ ಬಹಳ ಹೆಚ್ಚು ಎಂದು ಅಲ್ಲಿನ ವಾರ್ಷಿಕ ಲೆಕ್ಕಗಳು ತೋರಿಸುತ್ತ ಬಂದಿವೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಸಂಬಂಧಪಟ್ಟ ಸಂಗತಿ. ದಕ್ಷಿಣ ಏಷ್ಯಾ ಮೂಲದ ಕುಟುಂಬಗಳಲ್ಲಿ ದಾನಕ್ಕೆ ಒಪ್ಪಿಗೆ ಕಡಿಮೆ, ಹೊಂದುವ ಮೂತ್ರಪಿಂಡಕ್ಕೆ ಕಾಯುವವರು ಹೆಚ್ಚು.

ನಮ್ಮ ಕಾನೂನು, ನಮ್ಮ ರಾಜ್ಯ

ಭಾರತದಲ್ಲಿ ಅಂಗಾಂಗ ಕಸಿಗೆ ಕಾನೂನು ಬಂದದ್ದು 1994ರಲ್ಲಿ. ಮಿದುಳು ಕಾಂಡದ ಸಾವನ್ನು ಸಾವೆಂದು ಒಪ್ಪಿದ್ದು, ಅಂಗಗಳ ಮಾರಾಟವನ್ನು ಅಪರಾಧವೆಂದು ಸಾರಿದ್ದು ಇದೇ ಕಾಯ್ದೆ. 2011ರಲ್ಲಿ ಇದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಅಂಗಗಳ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಎಂದು ಶಿಕ್ಷೆಯನ್ನು ಬಿಗಿಗೊಳಿಸಿದ್ದು ಈ ತಿದ್ದುಪಡಿಯೇ.

ಸಂಯೋಜಕರ ಹುದ್ದೆಗೆ ಕಾನೂನಿನ ಬಲ ಬಂದದ್ದೂ ಆಗಲೇ. ಸಂಯೋಜಕರನ್ನು ನೇಮಿಸದ ಆಸ್ಪತ್ರೆಗೆ ಕಸಿ ಕೇಂದ್ರವಾಗಿ ನೋಂದಣಿ ಸಿಗುವುದಿಲ್ಲ. ಯಾವುದೇ ಮಾನ್ಯ ವೈದ್ಯಪದ್ಧತಿಯ ಪದವೀಧರರು, ನರ್ಸ್‌ಗಳು, ಇಲ್ಲವೇ ಬೇರೆ ಪದವಿ ಪಡೆದವರು ಈ ಕೆಲಸಕ್ಕೆ ಅರ್ಹರು. ಮೂರನೆಯ ಗುಂಪಿನವರಿಗೆ ಸಮಾಜಕಾರ್ಯ, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯದಂಥ ವಿಷಯಗಳಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು ಎಂದು ನಿಯಮ ಹೇಳುತ್ತದೆ. ಚೆನ್ನೈಯಲ್ಲಿ 1997ರಲ್ಲಿ ಆರಂಭವಾದ ಮೋಹನ್ ಫೌಂಡೇಶನ್ ಈ ಕೆಲಸಕ್ಕೆ ತರಬೇತಿ ಕೊಡುವ ಮುಖ್ಯ ಸಂಸ್ಥೆಗಳಲ್ಲಿ ಒಂದು.

ಕರ್ನಾಟಕದಲ್ಲಿ ಕಸಿಗಾಗಿ ವಲಯ ಸಂಯೋಜನಾ ಸಮಿತಿ 2007ರಲ್ಲಿ ಕೆಲಸ ಶುರುಮಾಡಿತು. ಅದೇ ಈಗಿನ ‘ಜೀವಸಾರ್ಥಕತೆ’. ಅಂಗಕ್ಕಾಗಿ ಕಾದಿರುವವರ ಪಟ್ಟಿ ಇಡುವುದು, ದಾನವಾದಾಗ ಸರದಿಯಂತೆ ಹಂಚುವುದು ಇದರ ಕೆಲಸ. ದಕ್ಷಿಣದ ರಾಜ್ಯಗಳಿಗೆ ಚೆನ್ನೈಯಲ್ಲಿ ಪ್ರಾದೇಶಿಕ ಸಂಸ್ಥೆಯೂ ಇಡೀ ದೇಶಕ್ಕೆ ದೆಹಲಿಯಲ್ಲಿ ‘ನೊಟ್ಟೊ’ ಎಂಬ ರಾಷ್ಟ್ರೀಯ ಸಂಸ್ಥೆಯೂ ಇವೆ. ಆಸ್ಪತ್ರೆಯ ಸಂಯೋಜಕರು ಈ ಸರಪಳಿಯ ಮೊದಲ ಕೊಂಡಿ.

ಐಸಿಯುನಲ್ಲಿ ಮೊದಲ ಹೆಜ್ಜೆ

ಬೈಕ್ ಅಪಘಾತದಲ್ಲಿ ತಲೆಗೆ ಏಟು ಬಿದ್ದವರು, ಮಿದುಳಿನಲ್ಲಿ ರಕ್ತಸ್ರಾವವಾದವರು ಐಸಿಯುಗೆ ಬರುತ್ತಾರೆ. ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗದೆ, ಎಲ್ಲ ಪ್ರಯತ್ನವೂ ಮುಗಿದ ಮೇಲೆ ಕೆಲವರಲ್ಲಿ ಮಿದುಳಿನ ಕಾಂಡ ಸಂಪೂರ್ಣವಾಗಿ, ಶಾಶ್ವತವಾಗಿ ನಿಂತುಹೋಗುತ್ತದೆ. ಉಸಿರಾಟವನ್ನು ಆಳುವ ಭಾಗ ಅದು. ಹೃದಯಕ್ಕೆ ತನ್ನದೇ ಮಿಡಿತ ಇರುವುದರಿಂದ, ವೆಂಟಿಲೇಟರ್ ಆಮ್ಲಜನಕ ಒದಗಿಸುವವರೆಗೆ ಅದು ಇನ್ನೂ ಸ್ವಲ್ಪ ಕಾಲ ಬಡಿಯುತ್ತದೆ. ಕೋಮಾ ಇದಕ್ಕಿಂತ ಬೇರೆ. ಕೋಮಾದಲ್ಲಿರುವವರ ಮಿದುಳು ಕಾಂಡದಲ್ಲಿ ಜೀವ ಇರುತ್ತದೆ, ಅವರು ಎಚ್ಚರಗೊಳ್ಳುವ ಸಾಧ್ಯತೆಯೂ ಇರುತ್ತದೆ. ಮಿದುಳು ಕಾಂಡ ಸತ್ತವರು ಹಿಂತಿರುಗುವುದಿಲ್ಲ.

ಇದನ್ನು ದೃಢಪಡಿಸುವುದು ನಾಲ್ವರು ವೈದ್ಯರ ತಂಡ: ಆಸ್ಪತ್ರೆಯ ಮುಖ್ಯಸ್ಥರು, ಅನುಮೋದಿತ ಪಟ್ಟಿಯ ತಜ್ಞರೊಬ್ಬರು, ನರರೋಗ ತಜ್ಞರು ಅಥವಾ ನರಶಸ್ತ್ರಚಿಕಿತ್ಸಕರು, ರೋಗಿಗೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು. ನರತಜ್ಞರು ಸಿಗದ ಕಡೆ ಅರಿವಳಿಕೆ ತಜ್ಞರು, ಐಸಿಯು ತಜ್ಞರು ಅವರ ಸ್ಥಾನದಲ್ಲಿ ಇರಬಹುದು. ಕಸಿ ಮಾಡುವ ತಂಡದ ಯಾರೂ ಇದರಲ್ಲಿ ಸೇರುವಂತಿಲ್ಲ.

ಪರೀಕ್ಷೆಗಳು ಸರಳ, ಆದರೆ ಕಟ್ಟುನಿಟ್ಟು. ಮೈ ತಣ್ಣಗಾಗಿಲ್ಲ, ನಿದ್ರೆಯ ಔಷಧದ ಪ್ರಭಾವ ಇಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳುತ್ತಾರೆ. ಕಣ್ಣಿಗೆ ಟಾರ್ಚ್ ಬಿಟ್ಟರೆ ಪಾಪೆ ಕಿರಿದಾಗುತ್ತದೆಯೇ, ಕಿವಿಯೊಳಗೆ ತಣ್ಣೀರು ಬಿಟ್ಟರೆ ಕಣ್ಣುಗುಡ್ಡೆ ಅಲುಗುತ್ತದೆಯೇ, ಗಂಟಲಿಗೆ ನಳಿಕೆ ತಾಗಿದರೆ ಕೆಮ್ಮು ಬರುತ್ತದೆಯೇ ಎಂದು ನೋಡುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ವೆಂಟಿಲೇಟರ್ ಬಿಡಿಸಿ, ಸಣ್ಣ ನಳಿಕೆಯಿಂದ ಶ್ವಾಸನಾಳಕ್ಕೆ ಆಮ್ಲಜನಕ ಬಿಡುತ್ತ, ಎದೆಯ ಮೇಲಿನ ಬಟ್ಟೆ ಸರಿಸಿ ಎಲ್ಲರೂ ನಿಟ್ಟಿಸಿ ನೋಡುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತ 60 ಮಿ.ಮೀ. ಮುಟ್ಟುತ್ತದೆ. ಮಿದುಳು ಕಾಂಡದಲ್ಲಿ ಒಂದಿಷ್ಟು ಜೀವವಿದ್ದರೂ ಅಷ್ಟು ಹೊತ್ತಿಗೆ ಎದೆ ಏಳಲೇಬೇಕು. ಏಳದಿದ್ದರೆ ಸಾವು ಖಚಿತ. ಕನಿಷ್ಠ 6 ಗಂಟೆ ಬಿಟ್ಟು ಇಡೀ ಪರೀಕ್ಷೆಯನ್ನು ಇನ್ನೊಮ್ಮೆ ಮಾಡುತ್ತಾರೆ. ಎರಡೂ ಸಲ ಅದೇ ಫಲಿತಾಂಶ ಬಂದರೆ ನಾಲ್ವರೂ ನಮೂನೆ 10ಕ್ಕೆ ಸಹಿ ಹಾಕುತ್ತಾರೆ.

ಪರೀಕ್ಷೆಗಳಲ್ಲಿ ಸಂಯೋಜಕರ ಕೈ ಇಲ್ಲ. ಎರಡು ಪರೀಕ್ಷೆಗಳ ನಡುವಿನ ಸಮಯ ಸರಿಯಾಗಿದೆಯೇ, ಸಹಿ, ಮುದ್ರೆ, ವೇಳೆ ಎಲ್ಲ ದಾಖಲಾಗಿವೆಯೇ ಎಂದು ನೋಡಿಕೊಳ್ಳುವುದು ಅವರ ಹೊಣೆ. ಕಾಗದದಲ್ಲಿ ಒಂದು ತಪ್ಪಾದರೂ ದಾನ ನಿಂತುಹೋಗಬಹುದು, ಇಡೀ ವ್ಯವಸ್ಥೆಯ ಮೇಲೆ ಜನರ ನಂಬಿಕೆಯೂ ಕುಸಿಯಬಹುದು.

ಮನೆಯವರೊಂದಿಗೆ ಮಾತು

ಸಂಯೋಜಕರ ಕೆಲಸದಲ್ಲಿ ಅತಿ ಕಠಿಣವಾದದ್ದು ಇದು. ಹಿಂದಿನ ದಿನ ಬೆಳಿಗ್ಗೆ ತಿಂಡಿ ತಿಂದು ಕೆಲಸಕ್ಕೆ ಹೋದ ಮಗ ಈಗ ಇಲ್ಲ ಎಂಬುದನ್ನು ತಾಯಿ ನಂಬಬೇಕು. ಮಾನಿಟರ್‌ನಲ್ಲಿ ಹೃದಯದ ಗೆರೆ ಓಡುತ್ತಿದೆ, ಕೈ ಮುಟ್ಟಿದರೆ ಬೆಚ್ಚಗಿದೆ. ಅಂಥ ಹೊತ್ತಿನಲ್ಲಿ ದಾನದ ಮಾತೆತ್ತುವುದಕ್ಕೆ ಒಂದು ಕ್ರಮ ಇದೆ.

ಸಾವಿನ ಸುದ್ದಿಯನ್ನು ಹೇಳಬೇಕಾದವರು ಚಿಕಿತ್ಸೆ ಕೊಟ್ಟ ವೈದ್ಯರು. ದಾನದ ಮಾತು ಅದರ ಬೆನ್ನಿಗೇ ಬರಬಾರದು. ಈ ಎರಡು ಮಾತುಗಳನ್ನು ಬೇರ್ಪಡಿಸುವುದು ಸಂಯೋಜಕರು ತರಬೇತಿಯಲ್ಲಿ ಕಲಿಯುವ ಮೊದಲ ಪಾಠ. ಸುದ್ದಿ ಕೇಳಿದವರು ಅಳಬೇಕು, ಊರಿಗೆ ಫೋನ್ ಮಾಡಬೇಕು, ದೊಡ್ಡಪ್ಪನೋ ಮಾವನೋ ಬರುವವರೆಗೆ ಕಾಯಬೇಕು. ಆ ಹೊತ್ತಿನಲ್ಲಿ ನರ್ಸ್ ಹತ್ತಿರವಿದ್ದು ಕುಡಿಯಲು ನೀರು ಕೊಡುತ್ತಾರೆ, ಕೇಳಿದ್ದಕ್ಕೆ ಉತ್ತರಿಸುತ್ತಾರೆ, ಒಳಗೆ ಹೋಗಿ ನೋಡಬೇಕೆಂದವರನ್ನು ಕರೆದೊಯ್ಯುತ್ತಾರೆ. ಕೆಲವು ಆಸ್ಪತ್ರೆಗಳಲ್ಲಿ ಉಸಿರಿನ ಪರೀಕ್ಷೆಯನ್ನು ಮನೆಯವರು ಕಣ್ಣಾರೆ ನೋಡಲು ಬಿಡುವುದುಂಟು. ನೂರು ಮಾತಿನಿಂದ ಆಗದ ಮನವರಿಕೆ ಅದರಿಂದ ಆಗುತ್ತದೆ.

ಮಾತು ನೇರವಾಗಿರಬೇಕು. ‘ಮಿದುಳು ಕೆಲಸ ಮಾಡ್ತಿಲ್ಲ’ ಎಂದರೆ ಕೇಳುವವರು ‘ಮತ್ತೆ ಕೆಲಸ ಮಾಡಬಹುದು’ ಎಂದು ತಿಳಿಯುತ್ತಾರೆ. ‘ಅಮ್ಮಾ, ನಿಮ್ಮ ಮಗ ತೀರಿಕೊಂಡಿದ್ದಾರೆ. ಈ ಮಷೀನ್ ಗಾಳಿ ಕೊಡ್ತಿರೋದರಿಂದ ಎದೆ ಆಡ್ತಿದೆ, ಅಷ್ಟೆ’ ಎಂದು ಹೇಳುವುದೇ ಸರಿ. ಹೇಳಿದವರು ಆಮೇಲೆ ಸುಮ್ಮನಿರಬೇಕು. ಮನೆಯವರು ಅದನ್ನು ಒಪ್ಪಿಕೊಂಡರು ಎಂದು ಅನಿಸಿದ ಮೇಲಷ್ಟೇ ದಾನದ ಸಾಧ್ಯತೆಯನ್ನು ಮುಂದಿಡಬೇಕು. ಹಾಗೆ ತಿಳಿಸುವುದು 2011ರ ತಿದ್ದುಪಡಿಯ ನಂತರ ಆಸ್ಪತ್ರೆಯ ಕರ್ತವ್ಯ. ಒಪ್ಪಿಸುವುದು ಮಾತ್ರ ಕರ್ತವ್ಯವಲ್ಲ. ಬೇಡ ಎಂದ ಮನೆಯವರನ್ನೂ ಅಷ್ಟೇ ಗೌರವದಿಂದ ಕಳಿಸಿಕೊಡುವವರೇ ಒಳ್ಳೆಯ ಸಂಯೋಜಕರು.

ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು. ದೇಹ ವಿಕಾರವಾಗುತ್ತದೆಯೇ? ಇಲ್ಲ, ಬೇರೆ ಆಪರೇಷನ್‌ನಂತೆಯೇ ಹೊಲಿಗೆ ಹಾಕಿ, ಶುಚಿಮಾಡಿ, ಬಟ್ಟೆ ತೊಡಿಸಿ ಕೊಡುತ್ತಾರೆ. ಮುಂದಿನ ಜನ್ಮದಲ್ಲಿ ಕಣ್ಣಿಲ್ಲದೆ ಹುಟ್ಟುತ್ತಾರಂತೆ, ನಿಜವೇ? ಈ ಭಯಕ್ಕೆ ತರ್ಕದ ಉತ್ತರ ಸಾಲದು. ಮನೆಯವರು ನಂಬುವ ಹಿರಿಯರೊಬ್ಬರನ್ನು ಮಾತಿಗೆ ಕೂರಿಸಿಕೊಳ್ಳಬೇಕಾಗುತ್ತದೆ. ಮಣ್ಣು ಮಾಡುವುದು ತಡವಾಗುತ್ತದೆಯೇ? ಹೌದು, ಅರ್ಧ ದಿನಕ್ಕೂ ಹೆಚ್ಚು ತಡವಾಗಬಹುದು, ಇದನ್ನು ಮುಚ್ಚಿಡಬಾರದು. ಖರ್ಚು ಯಾರದು? ಒಪ್ಪಿಗೆಯ ನಂತರ ದಾನಿಯ ದೇಹದ ಆರೈಕೆ, ಅಂಗ ತೆಗೆಯುವುದು, ಸಾಗಿಸುವುದು ಇದ್ಯಾವುದರ ವೆಚ್ಚವೂ ದಾನಿಯ ಮನೆಯವರ ಮೇಲೆ ಬೀಳಬಾರದು ಎಂದು 2014ರ ನಿಯಮ ಹೇಳುತ್ತದೆ. ದುಡ್ಡು ಸಿಗುತ್ತದೆಯೇ? ಇಲ್ಲ. ಯಾರಿಗೆ ಹೋಗುತ್ತದೆ? ಹೆಸರು ಹೇಳುವಂತಿಲ್ಲ.

ಸತ್ತವರು ಬದುಕಿದ್ದಾಗ ದಾನಕ್ಕೆ ಹೆಸರು ನೋಂದಾಯಿಸಿದ್ದರೂ ನಮ್ಮಲ್ಲಿ ಮನೆಯವರ ಒಪ್ಪಿಗೆಯಿಲ್ಲದೆ ಯಾವ ಆಸ್ಪತ್ರೆಯೂ ಮುಂದುವರಿಯುವುದಿಲ್ಲ. ಒಪ್ಪಿದರೆ ಹತ್ತಿರದ ಸಂಬಂಧಿ ನಮೂನೆ 8ಕ್ಕೆ ಸಹಿ ಹಾಕುತ್ತಾರೆ. ಯಾವ ಅಂಗ ಕೊಡುತ್ತೇವೆ, ಯಾವುದು ಬೇಡ ಎಂದು ಅವರು ಆರಿಸಬಹುದು. ಮೂತ್ರಪಿಂಡ, ಯಕೃತ್ತು ಕೊಟ್ಟು ಕಣ್ಣು ಬೇಡವೆನ್ನುವ ಮನೆಯವರಿದ್ದಾರೆ. ಆ ಆಯ್ಕೆ ಅವರದೇ.

ದೇಹವನ್ನು ಕಾಯುವ ಗಂಟೆಗಳು

ಒಪ್ಪಿಗೆ ಬಂದ ಕೂಡಲೇ ಹೊಸ ಕೆಲಸ ಶುರುವಾಗುತ್ತದೆ. ಮಿದುಳು ಕಾಂಡ ಸತ್ತ ದೇಹ ತನ್ನ ರಕ್ತದೊತ್ತಡ, ಶಾಖ, ನೀರಿನಂಶ ಯಾವುದನ್ನೂ ಹಿಡಿದಿಟ್ಟುಕೊಳ್ಳಲಾರದು. ಮೂತ್ರವನ್ನು ತಡೆಯುವ ಹಾರ್ಮೋನು ನಿಂತುಹೋಗುವುದರಿಂದ ಲೀಟರುಗಟ್ಟಲೆ ಮೂತ್ರ ಹೋಗಿ ರಕ್ತದ ಸೋಡಿಯಂ ಏರುತ್ತದೆ. ಇದನ್ನು ಗಮನಿಸದಿದ್ದರೆ ಕೆಲವೇ ಗಂಟೆಗಳಲ್ಲಿ ಹೃದಯ ನಿಂತು ದಾನ ಕೈತಪ್ಪುತ್ತದೆ. ಐಸಿಯು ನರ್ಸ್‌ಗಳು ಬಳಸುವ ಹಳೆಯ ನೂರರ ಸೂತ್ರವೊಂದಿದೆ: ಮೇಲಿನ ರಕ್ತದೊತ್ತಡ 100ಕ್ಕಿಂತ ಹೆಚ್ಚು, ಗಂಟೆಗೆ ಮೂತ್ರ 100 ಮಿ.ಲೀ.ಗಿಂತ ಹೆಚ್ಚು, ರಕ್ತದ ಆಮ್ಲಜನಕದ ಒತ್ತಡ 100ಕ್ಕಿಂತ ಹೆಚ್ಚು, ಹಿಮೋಗ್ಲೋಬಿನ್ ಲೀಟರಿಗೆ 100 ಗ್ರಾಂಗಿಂತ ಹೆಚ್ಚು. ಇದಕ್ಕಾಗಿ ನಾರ್‌ಅಡ್ರಿನಾಲಿನ್, ವ್ಯಾಸೊಪ್ರೆಸ್ಸಿನ್‌ನಂಥ ಔಷಧಗಳ ಹನಿಯನ್ನು ಏರಿಸುತ್ತ ಇಳಿಸುತ್ತ, ಬೆಚ್ಚನೆಯ ಹೊದಿಕೆ ಹೊದಿಸಿ, ಗಂಟೆಗಂಟೆಗೂ ರಕ್ತ ಪರೀಕ್ಷಿಸುತ್ತ ಕಾಯುತ್ತಾರೆ. ಐಸಿಯು ಅನುಭವವಿರುವ ನರ್ಸ್ ಸಂಯೋಜಕಿಯಾಗಿದ್ದರೆ ಆಗುವ ಅನುಕೂಲ ಇಲ್ಲಿ ಎದ್ದು ಕಾಣುತ್ತದೆ. ವೈದ್ಯರಿಗೆ ಹೇಳಬೇಕಾದದ್ದನ್ನು ಆಕೆ ಮಾನಿಟರ್ ನೋಡಿಯೇ ಅರಿಯಬಲ್ಲಳು.

ಇದೇ ಹೊತ್ತಿನಲ್ಲಿ ರಕ್ತದ ಗುಂಪು, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳಾಗಬೇಕು. ಹೃದಯಕ್ಕೆ ಎಕೊ, ಶ್ವಾಸಕೋಶಕ್ಕೆ ಎಕ್ಸ್‌ರೇ ಬೇಕು. ದಾನಿಗೆ ಹಿಂದೆ ಇದ್ದ ಕಾಯಿಲೆ, ಕುಡಿತ, ಸಿಗರೇಟು ಮುಂತಾದ ವಿವರಗಳನ್ನು ಮನೆಯವರಿಂದಲೇ ಕೇಳಿ ತಿಳಿಯಬೇಕು. ದುಃಖದಲ್ಲಿರುವವರನ್ನು ಇಂಥ ಪ್ರಶ್ನೆ ಕೇಳುವುದಕ್ಕೂ ನಯ ಬೇಕು.

ಹಂಚಿಕೆ, ಪೊಲೀಸ್, ಝೀರೊ ಟ್ರಾಫಿಕ್

ದಾನಿಯ ವಿವರ ಜೀವಸಾರ್ಥಕತೆಗೆ ತಲುಪಿದ ಮೇಲೆ ಅಲ್ಲಿನ ಸಂಯೋಜಕರು ಕಾಯುವ ಪಟ್ಟಿ ತೆರೆಯುತ್ತಾರೆ. ರಕ್ತದ ಗುಂಪು, ಕಾದ ಅವಧಿ, ಕಾಯಿಲೆಯ ತೀವ್ರತೆ, ದೇಹದ ಗಾತ್ರ ಇವುಗಳ ಮೇಲೆ ಸರದಿ ನಿಲ್ಲುತ್ತದೆ. ಹಣ, ಶಿಫಾರಸು ಇದರಲ್ಲಿ ಬರುವಂತಿಲ್ಲ. ರಾಜ್ಯದೊಳಗೆ ಹೊಂದುವವರು ಸಿಗದಿದ್ದರೆ ಪ್ರಾದೇಶಿಕ ಸಂಸ್ಥೆಗೆ, ಅಲ್ಲಿಂದ ರಾಷ್ಟ್ರೀಯ ಸಂಸ್ಥೆಗೆ ಹೋಗುತ್ತದೆ.

ಅಪಘಾತದ ಪ್ರಕರಣವಾದರೆ ಪೊಲೀಸರ ಅನುಮತಿ ಬೇಕು, ಮರಣೋತ್ತರ ಪರೀಕ್ಷೆಯೂ ಆಗಬೇಕು. ಠಾಣೆಯ ಪತ್ರ, ವಿಧಿವಿಜ್ಞಾನ ತಜ್ಞರ ಒಪ್ಪಿಗೆ ಎಲ್ಲವನ್ನೂ ಸಂಯೋಜಕರೇ ಓಡಾಡಿ ಹೊಂದಿಸುತ್ತಾರೆ. ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ಮಾಡಲು, ಅದರಲ್ಲೂ ಅಂಗಾಂಗ ದಾನದ ಪ್ರಕರಣಗಳಿಗೆ ಆದ್ಯತೆ ಕೊಡಲು, ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಅವಕಾಶ ಮಾಡಿಕೊಟ್ಟಿತು. ಬೆಳಗಾಗುವವರೆಗೆ ಶವಾಗಾರದ ಮುಂದೆ ಕಾಯಬೇಕಾಗಿದ್ದ ಮನೆಯವರಿಗೆ ಇದು ದೊಡ್ಡ ನೆಮ್ಮದಿ.

ಅಂಗ ತೆಗೆದ ಗಳಿಗೆಯಿಂದ ಗಡಿಯಾರ ಓಡತೊಡಗುತ್ತದೆ. ಹೃದಯ, ಶ್ವಾಸಕೋಶಗಳು ಸುಮಾರು 4ರಿಂದ 6 ಗಂಟೆಯೊಳಗೆ ಇನ್ನೊಬ್ಬರ ದೇಹದಲ್ಲಿ ಕೆಲಸ ಶುರುಮಾಡಬೇಕು. ಯಕೃತ್ತಿಗೆ 8ರಿಂದ 12 ಗಂಟೆ, ಮೂತ್ರಪಿಂಡಕ್ಕೆ 24 ಗಂಟೆ ಅಥವಾ ತುಸು ಹೆಚ್ಚು ಸಮಯ ಸಿಗುತ್ತದೆ. ಕಣ್ಣಿನ ಕಾರ್ನಿಯಾವನ್ನು ಸಾವಿನ ನಂತರ 6 ಗಂಟೆಯೊಳಗೆ ತೆಗೆದರೆ ನೇತ್ರ ಬ್ಯಾಂಕಿನಲ್ಲಿ ಕೆಲವು ದಿನ ಇಡಬಹುದು. ತೆಗೆದ ಅಂಗವನ್ನು ಸಂರಕ್ಷಕ ದ್ರಾವಣವಿರುವ ಕ್ರಿಮಿರಹಿತ ಚೀಲಕ್ಕೆ ಹಾಕಿ ಗಂಟು ಕಟ್ಟುತ್ತಾರೆ. ಅದನ್ನು ಇನ್ನೊಂದು, ಮತ್ತೊಂದು ಚೀಲದೊಳಗಿಟ್ಟು ಮಂಜುಗಡ್ಡೆಯ ಪೆಟ್ಟಿಗೆಗೆ ಇಳಿಸುತ್ತಾರೆ. ಮಂಜುಗಡ್ಡೆ ಅಂಗಕ್ಕೆ ನೇರವಾಗಿ ತಾಗಿದರೆ ಅದು ಹೆಪ್ಪುಗಟ್ಟಿ ಹಾಳಾಗುತ್ತದೆ. ಪೆಟ್ಟಿಗೆಯ ಮೇಲೆ ಅಂಗದ ಹೆಸರು, ಬಲವೋ ಎಡವೋ, ರಕ್ತದ ಗುಂಪು, ತೆಗೆದ ವೇಳೆ ಬರೆದು ಚೀಟಿ ಅಂಟಿಸಿ, ಅದರ ಜೊತೆಗೆ ದಾಖಲೆಗಳನ್ನೂ ರಕ್ತದ ಮಾದರಿಗಳನ್ನೂ ಕಳಿಸುತ್ತಾರೆ.

ಪೊಲೀಸರಿಗೆ ಮೊದಲೇ ತಿಳಿಸಿ ದಾರಿ ತೆರವು ಮಾಡಿಸುವುದೂ ಸಂಯೋಜಕರ ಕೆಲಸ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಹೃದಯವೊಂದನ್ನು ವಿಮಾನದಲ್ಲಿ ಚೆನ್ನೈಗೆ ಒಯ್ದು ಕಸಿ ಮಾಡಲಾಯಿತು. ಎರಡೂ ನಗರಗಳ ಪೊಲೀಸರು ರಸ್ತೆ ತೆರವು ಮಾಡಿಕೊಟ್ಟ ಆ ಪ್ರಯಾಣದಿಂದ ಇಂಥ ಸಂಚಾರ ವ್ಯವಸ್ಥೆ ಜನರ ಗಮನಕ್ಕೆ ಬಂತು. ಸಾಗಣೆಯ ಪ್ರತಿ ಹಂತದಲ್ಲೂ ಎರಡು ಆಸ್ಪತ್ರೆಗಳ ಸಂಯೋಜಕರು ಫೋನಿನಲ್ಲಿರುತ್ತಾರೆ. ಅಂಗ ಇನ್ನಿಷ್ಟು ನಿಮಿಷದಲ್ಲಿ ಬರುತ್ತದೆ ಎಂಬ ಸುದ್ದಿ ಬಂದ ಮೇಲೆಯೇ ಅಲ್ಲಿ ರೋಗಿಯ ಹಳೆಯ ಹೃದಯ ತೆಗೆಯುವ ಹಂತಕ್ಕೆ ಶಸ್ತ್ರಚಿಕಿತ್ಸಕರು ಕೈಹಾಕುತ್ತಾರೆ.

ಅನೇಕ ಆಸ್ಪತ್ರೆಗಳಲ್ಲಿ ದಾನಿಯ ಅಂಗ ತೆಗೆಯಲು ಚಾಕು ಹಿಡಿಯುವ ಮೊದಲು ಎಲ್ಲರೂ ಕೈಕಟ್ಟಿ ನಿಂತು ಒಂದು ನಿಮಿಷ ಮೌನ ಆಚರಿಸುತ್ತಾರೆ. ಶಸ್ತ್ರಚಿಕಿತ್ಸೆ ಮುಗಿದರೂ ದಾನಿಯ ಬಳಿಯ ಕೆಲಸ ಮುಗಿದಿರುವುದಿಲ್ಲ. ಕೊನೆಗೆ ದೇಹವನ್ನು ಮನೆಯವರಿಗೆ ಒಪ್ಪಿಸಿ, ಊರಿಗೆ ಒಯ್ಯುವ ವಾಹನ ಹೊರಡುವವರೆಗೆ ಸಂಯೋಜಕರು ಜೊತೆಗಿರುತ್ತಾರೆ. ತಿಂಗಳುಗಳ ನಂತರ ಮನೆಯವರು ಫೋನ್ ಮಾಡಿದರೆ ‘ಮೂತ್ರಪಿಂಡ ಪಡೆದವರು ಚೆನ್ನಾಗಿದ್ದಾರೆ’ ಎಂದಷ್ಟು ಹೆಸರಿಲ್ಲದೆ ತಿಳಿಸಬಲ್ಲವರೂ ಅವರೇ.

ಕಸಿ ಪಡೆದವರ ಜೊತೆ

ಅಂಗ ಪಡೆಯುವವರ ಕಡೆಗೂ ಒಬ್ಬ ಸಂಯೋಜಕರು ಇರುತ್ತಾರೆ. ರೋಗಿಯ ಹೆಸರನ್ನು ಪಟ್ಟಿಗೆ ಸೇರಿಸುವುದು, ಪರೀಕ್ಷೆಗಳನ್ನು ಕಾಲಕಾಲಕ್ಕೆ ನವೀಕರಿಸುವುದು, ಸರ್ಕಾರಿ ಯೋಜನೆಗಳ ಅರ್ಜಿ ತುಂಬಿಸುವುದು, ಯಾವ ಹೊತ್ತಿಗೆ ಕರೆ ಬಂದರೂ ಹೊರಡುವಂತೆ ಮನೆಯವರನ್ನು ಸಿದ್ಧಪಡಿಸುವುದು ಅವರ ಕೆಲಸ. ನಡುರಾತ್ರಿ ಕರೆ ಮಾಡಿ ‘ಏನೂ ತಿನ್ನಬೇಡಿ, ಕೂಡಲೇ ಹೊರಡಿ’ ಎನ್ನುವ ದನಿ ಅವರದು. ಬಂದ ಮೇಲೆ ರಕ್ತ ಹೊಂದಲಿಲ್ಲವೆಂದು ವಾಪಸು ಕಳಿಸಬೇಕಾದಾಗ ಸಮಾಧಾನ ಹೇಳಬೇಕಾದವರೂ ಅವರೇ.

ಕಸಿಯ ನಂತರ ಪಾಠ ಶುರು. ದೇಹ ಹೊಸ ಅಂಗವನ್ನು ಹೊರಗಿನದೆಂದು ತಿಳಿದು ಎದುರಿಸುತ್ತದೆ. ಅದನ್ನು ತಡೆಯುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಬದುಕಿರುವವರೆಗೆ, ಹೇಳಿದ ವೇಳೆಗೆ ತಪ್ಪದೆ ನುಂಗಬೇಕು. ಔಷಧದ ಮಟ್ಟ ಅಳೆಯಲು ರಕ್ತ ಕೊಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಚಕ್ಕೋತ ಹಣ್ಣು ತಿಂದರೆ ಈ ಔಷಧದ ಮಟ್ಟ ಏರುಪೇರಾಗಬಹುದು. ಕೇಳದೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬಾರದು, ನಾಟಿ ಔಷಧವನ್ನೂ ಮುಟ್ಟಬಾರದು. ಜ್ವರ ಬಂದರೆ, ಮೂತ್ರ ಕಡಿಮೆಯಾದರೆ ಮನೆಯಲ್ಲೇ ಕೂರದೆ ಫೋನ್ ಮಾಡಬೇಕು. ಚೆನ್ನಾಗಿದ್ದೇನೆ ಎಂದು ಮಾತ್ರೆ ಬಿಟ್ಟುಬಿಡುವುದು ಕಸಿ ಕೈಕೊಡಲು ಸಾಮಾನ್ಯ ಕಾರಣಗಳಲ್ಲಿ ಒಂದು. ದುಡ್ಡು ಮುಗಿದು ಬಿಡುವವರೂ ಇದ್ದಾರೆ. ಅದನ್ನು ಹೇಳಲು ಸಂಕೋಚಪಡುವ ರೋಗಿಯ ಬಾಯಿಂದ ವಿಷಯ ತಿಳಿದು ನೆರವು ಹುಡುಕುವವರು ಸಂಯೋಜಕರು.

ಬದುಕಿರುವ ದಾನಿಗಳ ಕಾವಲು

ಭಾರತದಲ್ಲಿ ನಡೆಯುವ ಕಸಿಗಳಲ್ಲಿ ಹೆಚ್ಚಿನವು ಬದುಕಿರುವವರು ಕೊಟ್ಟ ಮೂತ್ರಪಿಂಡ, ಯಕೃತ್ತಿನ ಭಾಗಗಳಿಂದ ಆಗುತ್ತವೆ. ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳು. ಉಳಿದವರು ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹಾಜರಾಗಬೇಕು. ಹಣದ ವ್ಯವಹಾರ ನಡೆದಿಲ್ಲ ಎಂದು ಸಮಿತಿಗೆ ಮನವರಿಕೆಯಾಗಬೇಕು. ಒಂದು ಮನೆಯ ದಾನಿಯ ಅಂಗ ಅದೇ ಮನೆಯ ರೋಗಿಗೆ ಹೊಂದದಿದ್ದರೆ, ಅಂಥ ಎರಡು ಮನೆಗಳು ಪರಸ್ಪರ ಅದಲುಬದಲು ಮಾಡಿಕೊಳ್ಳಲೂ ಕಾನೂನಿನಲ್ಲಿ ಅವಕಾಶವಿದೆ. ಅಂಥ ಜೋಡಿಗಳನ್ನು ಹುಡುಕಿ, ಎರಡೂ ಶಸ್ತ್ರಚಿಕಿತ್ಸೆಗಳನ್ನು ಹೊಂದಿಸುವುದು ಸಂಯೋಜಕರ ತಾಳ್ಮೆಯ ಕೆಲಸ.

ಇಲ್ಲಿ ಅವರಿಗೆ ಇನ್ನೊಂದು ನೈತಿಕ ಹೊಣೆಯಿದೆ. ಬದುಕಿದ್ದು ದಾನ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು, ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ‘ಮನೆಗೆ ದುಡಿಯುವವನು ಅವನು, ಕೊಡಬೇಕಾದವಳು ನೀನು’ ಎಂಬ ಒತ್ತಡ ಮನೆಯೊಳಗೆ ಬಾಯಿಬಿಟ್ಟು ಹೇಳದೆಯೂ ಇರಬಹುದು. ಅದಕ್ಕಾಗಿಯೇ ಸಂಯೋಜಕಿ ದಾನಿಯನ್ನು ಮನೆಯವರಿಲ್ಲದ ಕೋಣೆಯಲ್ಲಿ ಕೂರಿಸಿ, ‘ನಿಮಗೆ ಮನಸ್ಸಿದೆಯಾ?’ ಎಂದು ಕೇಳುತ್ತಾರೆ. ಆಕೆ ಇಲ್ಲ ಎಂದರೆ ಆ ಮಾತು ಆ ಕೋಣೆಯಿಂದ ಹೊರಗೆ ಹೋಗದಂತೆ ಕಾಪಾಡಬೇಕಾದವರೂ ಸಂಯೋಜಕಿಯೇ.

ಕೊರತೆ ಎಲ್ಲಿದೆ

2013ರಲ್ಲಿ ದೇಶದಲ್ಲಿ 5,000ಕ್ಕಿಂತ ಕಡಿಮೆ ಕಸಿಗಳಾಗಿದ್ದವು. 2023ರಲ್ಲಿ 18,000ಕ್ಕೂ ಹೆಚ್ಚು ಆದವು. ಅದೇ ವರ್ಷ ಮರಣೋತ್ತರ ದಾನಿಗಳ ಸಂಖ್ಯೆ ಮೊದಲ ಬಾರಿಗೆ 1,000 ದಾಟಿತು. ಕರ್ನಾಟಕದಲ್ಲಿ ಅಂಥ 178 ದಾನಿಗಳಿದ್ದರು. ಆದರೂ ಹತ್ತು ಲಕ್ಷ ಜನಸಂಖ್ಯೆಗೆ ಲೆಕ್ಕ ಹಾಕಿದರೆ ದೇಶದ ಪ್ರಮಾಣ ಇನ್ನೂ ಒಂದನ್ನು ಮುಟ್ಟಿಲ್ಲ. ತೆಲಂಗಾಣ, ತಮಿಳುನಾಡು, ಕರ್ನಾಟಕದಂಥ ಕೆಲವೇ ರಾಜ್ಯಗಳು ಮುಂದಿವೆ.

ಅಪಘಾತಗಳಲ್ಲಿ ಸಾಯುವವರು ನಮ್ಮಲ್ಲಿ ಕಡಿಮೆಯೇನಲ್ಲ. ಆದರೆ ಅನೇಕ ಐಸಿಯುಗಳಲ್ಲಿ ಮಿದುಳು ಕಾಂಡದ ಸಾವನ್ನು ಪರೀಕ್ಷಿಸಿ ಘೋಷಿಸುವುದೇ ಇಲ್ಲ. ಘೋಷಿಸಿದ ಕಡೆಯೂ ಮನೆಯವರ ಜೊತೆ ಕೂತು ಮಾತಾಡಲು ತರಬೇತಾದವರು ಇರುವುದಿಲ್ಲ. ಕಸಿ ಮಾಡದ ಆಸ್ಪತ್ರೆಗಳೂ ಅಂಗ ತೆಗೆಯುವ ಕೇಂದ್ರಗಳಾಗಿ ನೋಂದಾಯಿಸಿಕೊಳ್ಳಬಹುದು ಎಂದು ಕಾನೂನು ಹೇಳುತ್ತದೆ. ಐಸಿಯು, ಆಪರೇಷನ್ ಥಿಯೇಟರ್ ಇರುವ ಜಿಲ್ಲಾ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಪೂರ್ಣಾವಧಿ ಸಂಯೋಜಕರನ್ನು ಇರಿಸಿದರೆ ದಾನಗಳು ದೊಡ್ಡ ನಗರಗಳ ಆಸ್ಪತ್ರೆಗಳಿಗೆ ಸೀಮಿತವಾಗದೆ ರಾಜ್ಯದ ಉದ್ದಗಲಕ್ಕೂ ನಡೆಯಬಹುದು. ಸ್ಪೇನ್, ಬ್ರಿಟನ್ ಎರಡರ ಅನುಭವವೂ ಹೇಳುವುದು ಇದನ್ನೇ.

ಕೆಲಸ ಮಾಡುವವರ ಕಡೆಯಿಂದಲೂ ನೋಡಬೇಕು. ಒಂದು ದಾನ ಎಂದರೆ ಒಂದೂವರೆ, ಎರಡು ದಿನ ಕಣ್ಣಿಗೆ ನಿದ್ದೆಯಿಲ್ಲದ ದುಡಿಮೆ. ಅಪರಿಚಿತರ ದುಃಖದ ನಡುವೆ ಪದೇಪದೇ ನಿಲ್ಲುವವರಿಗೆ ಅದರ ಭಾರ ಮನೆಯವರೆಗೂ ಹಿಂಬಾಲಿಸುತ್ತದೆ. ಬೈಗುಳ ಕೇಳಬೇಕಾದ ಸಂದರ್ಭಗಳೂ ಬರುತ್ತವೆ. ಎಷ್ಟೋ ಕಡೆ ಇದೇ ನರ್ಸ್‌ಗೆ ವಾರ್ಡಿನ ಕೆಲಸವೂ ಇರುತ್ತದೆ. ಪ್ರತ್ಯೇಕ ಹುದ್ದೆ, ತಕ್ಕ ಸಂಬಳ, ಬಡ್ತಿಯ ದಾರಿ, ಮನಸ್ಸು ಹಗುರ ಮಾಡಿಕೊಳ್ಳಲು ಆಪ್ತಸಮಾಲೋಚನೆ ಇವೆಲ್ಲ ಸಿಕ್ಕಾಗ ಮಾತ್ರ ಅನುಭವಿಗಳು ಈ ಕೆಲಸದಲ್ಲಿ ಉಳಿಯುತ್ತಾರೆ.

ಮನೆಯೊಳಗಿನ ಮಾತು

ಜನರ ಮನಸ್ಸು ಬದಲಾಗಬಲ್ಲದು ಎಂಬುದನ್ನು ಕರ್ನಾಟಕ ಕಂಡಿದೆ. ವರನಟ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಜೂನ್‌ನಲ್ಲಿ ಅಪಘಾತದಲ್ಲಿ ಗಾಯಗೊಂಡು ಮಿದುಳು ನಿಷ್ಕ್ರಿಯಗೊಂಡ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಕುಟುಂಬದವರು ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರ ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ನಂತರದ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿ ಬಂದರು.

ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಲು ನೊಟ್ಟೊ ವೆಬ್‌ಸೈಟಿನಲ್ಲಿ ಆಧಾರ್ ಸಂಖ್ಯೆಯ ಮೂಲಕ ವ್ಯವಸ್ಥೆಯಿದೆ. ಜೀವಸಾರ್ಥಕತೆಯ ಮೂಲಕವೂ ನೋಂದಾಯಿಸಬಹುದು. ಆದರೆ ಕಾರ್ಡು ಪರ್ಸಿನಲ್ಲಿದ್ದರೆ ಸಾಲದು. ಐಸಿಯು ಪಕ್ಕದ ಕೋಣೆಯಲ್ಲಿ ಸಂಯೋಜಕಿ ‘ಅವರ ಇಚ್ಛೆ ಏನಿತ್ತು ಅಂತ ನಿಮಗೆ ಗೊತ್ತಾ?’ ಎಂದು ಕೇಳಿದಾಗ ಉತ್ತರಿಸಬೇಕಾದವರು ಮನೆಯವರು. ಹೆಂಡತಿಗೋ ಗಂಡನಿಗೋ ತಂದೆ ತಾಯಿಗೋ ಆ ಉತ್ತರ ಮೊದಲೇ ತಿಳಿದಿದ್ದರೆ, ಅತಿ ಕಷ್ಟದ ಹೊತ್ತಿನಲ್ಲಿ ಅವರು ಹೊಸದಾಗಿ ತೀರ್ಮಾನ ಮಾಡಬೇಕಾಗುವುದಿಲ್ಲ. ಹೋದವರ ಮಾತನ್ನು ನಡೆಸಿಕೊಟ್ಟರೆ ಸಾಕು. ದಾನದ ಇಚ್ಛೆಯಿರುವವರು ಅದನ್ನು ಮನೆಯಲ್ಲಿ ಕೂತು ಬಾಯಿಬಿಟ್ಟು ಹೇಳಿಡುವುದು ಸಂಯೋಜಕರ ಕೆಲಸಕ್ಕೆ ಸಿಗಬಹುದಾದ ಅತಿ ದೊಡ್ಡ ನೆರವು.